ವಿಕಿ ಎಂಬ ಕೂಡುಬರಹವೂ ನಮ್ಮ ಪಾಠಶಾಲೆಯೂ

‘ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆ ನಮಗೆಲ್ಲ ಪರಿಚಿತವಾದುದು. ಆದರೂ ನಮ್ಮ ಶಾಲೆಗಳಲ್ಲಿ ಬರವಣಿಗೆಯೆಂಬುದು ಬಹುಮಟ್ಟಿಗೆ ಒಂಟಿ ಕೆಲಸವೇ ಆಗಿದೆ. ವಿದ್ಯಾರ್ಥಿಯು ಬರೆಯುತ್ತಾನೆ, ಉಪಾಧ್ಯಾಯರು ತಿದ್ದುತ್ತಾರೆ, ವರ್ಷಾಂತ್ಯಕ್ಕೆ ಆ ಪುಸ್ತಕ ರದ್ದಿಗೆ ಸೇರುತ್ತದೆ. ಹಲವರು ಕೂಡಿ ಒಂದೇ ಬರಹವನ್ನು ಬೆಳೆಸುವ ‘ವಿಕಿ’ಯು ಈ ಕೊರತೆಯನ್ನು ಹೇಗೆ ನೀಗಿಸಬಲ್ಲುದೆಂಬುದನ್ನು ಫೋಂಡಾದ ಒಂದು ಉದಾಹರಣೆಯಿಂದ ವಿವೇಚಿಸೋಣ.

‘ವಿಕಿ’ ಎಂಬುದು ಹವಾಯಿ ದ್ವೀಪಗಳ ಭಾಷೆಯ ಮಾತು. ‘ಬೇಗ’ ಎಂದು ಅದರ ಅರ್ಥ. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ಓದುಗರೇ ತಿದ್ದಬಲ್ಲ ಜಾಲಪುಟಗಳನ್ನು ನಿರ್ಮಿಸಿ ಈ ಹೆಸರನ್ನು ಬಳಕೆಗೆ ತಂದರು. ಇದೇ ತತ್ತ್ವದ ಮೇಲೆ 2001ರಲ್ಲಿ ವಿಕಿಪೀಡಿಯ ವಿಶ್ವಕೋಶವು ಆರಂಭವಾಯಿತು. 2003ರಲ್ಲಿ ಅದು ಕನ್ನಡಕ್ಕೂ ಬಂದಿತು. ಅದರಲ್ಲಿ ಪ್ರತಿಯೊಂದು ಲೇಖನಕ್ಕೂ ಜೊತೆಯಾಗಿ ಎರಡು ಪುಟಗಳಿರುತ್ತವೆ. ಒಂದು ‘ಚರ್ಚೆ’, ಭಿನ್ನಾಭಿಪ್ರಾಯವಿದ್ದವರು ಅಲ್ಲಿ ವಾದಿಸಬಹುದು. ಇನ್ನೊಂದು ‘ಇತಿಹಾಸ’, ಯಾರು, ಯಾವಾಗ, ಯಾವ ಮಾತನ್ನು ಬದಲಿಸಿದರೆಂಬುದು ಅಲ್ಲಿ ದಾಖಲಾಗುತ್ತದೆ. ಶಿಕ್ಷಕರಿಗೆ ನಿಜವಾಗಿ ಉಪಯುಕ್ತವಾದುವು ಈ ಎರಡೇ.

ಫೋಂಡಾದ ಸಫಾ ಮಸೀದಿಯನ್ನೇ ತೆಗೆದುಕೊಳ್ಳೋಣ. ಜಂಬಿಟ್ಟಿಗೆ ಕಲ್ಲಿನ ಕೊಳದ ಪಕ್ಕದಲ್ಲಿರುವ ಈ ಕಟ್ಟಡವು 1560ರದೆಂದು ಹಲವು ಬರಹಗಳು ಹೇಳುತ್ತವೆ. ಆದರೆ ಕಟ್ಟಿಸಿದವನು ಇಬ್ರಾಹಿಂ ಆದಿಲ್ ಶಾ ಎಂದು ಕೆಲವು, ಅಲಿ ಆದಿಲ್ ಶಾ ಎಂದು ಬೇರೆ ಕೆಲವು. ವಿಜಾಪುರದ ಒಂದನೆಯ ಇಬ್ರಾಹಿಂ ತೀರಿಕೊಂಡುದು 1558ರಲ್ಲಿ. ಎರಡನೆಯ ಇಬ್ರಾಹಿಂ ಪಟ್ಟಕ್ಕೆ ಬಂದುದು 1580ರಲ್ಲಿ. ನಡುವಿನ ಕಾಲ ಒಂದನೆಯ ಅಲಿಯದು. ಹಾಗಾದರೆ ‘1560, ಇಬ್ರಾಹಿಂ’ ಎಂಬೆರಡೂ ಒಟ್ಟಿಗೆ ನಿಲ್ಲಲಾರವು. ಪಠ್ಯವನ್ನು ಬಾಯಿಪಾಠ ಮಾಡಿದ ಮಗುವಿಗೆ ಈ ತೊಡಕು ಕಾಣಿಸದು. ಆಧಾರ ಕೊಡದೆ ಬರೆಯಕೂಡದು, ಆಧಾರಗಳು ಭಿನ್ನವಾದರೆ ಎರಡನ್ನೂ ಹೆಸರಿಸಬೇಕು ಎಂಬ ವಿಕಿಯ ನಿಯಮಕ್ಕೆ ಒಳಪಟ್ಟು ಬರೆಯುವ ಮಗುವಿಗೆ ಅದು ಕಾಣದೆ ಹೋಗದು. ‘ಇದನ್ನು ಹೇಳಿದವರು ಯಾರು?’ ಎಂದು ಕೇಳಲು ಕಲಿಯುವುದೇ ಸಂಶೋಧನೆಯ ಮೊದಲ ಮೆಟ್ಟಿಲಲ್ಲವೆ?

ಗಡಿನಾಡಿನ ಮಕ್ಕಳಿಗೆ ಇಲ್ಲಿ ವಿಶೇಷ ಅನುಕೂಲವೊಂದುಂಟು. ಗೋವೆಯ ಕನ್ನಡ ಮಗು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಕೇಳಿ ಬೆಳೆಯುತ್ತದೆ; ಮರಾಠಿ, ಇಂಗ್ಲಿಷುಗಳೂ ಅದರ ಕಣ್ಣಿಗೆ ಬೀಳುತ್ತವೆ. ಗೋವಾ ವಿಶ್ವವಿದ್ಯಾಲಯವು ತನ್ನ ನಾಲ್ಕು ಸಂಪುಟಗಳ ‘ಕೊಂಕಣಿ ವಿಶ್ವಕೋಶ’ವನ್ನು 2013ರಲ್ಲಿ ಎಲ್ಲರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು. 2015ರಲ್ಲಿ ಕೊಂಕಣಿ ವಿಕಿಪೀಡಿಯ ಹೊರಬಂದಿತು. ದೇವನಾಗರಿ, ರೋಮನ್‌ಗಳಂತೆಯೇ ಕನ್ನಡ ಲಿಪಿಗೂ ಅಲ್ಲಿ ಸ್ಥಳವಿದೆ. ನಾಲ್ಕು ಭಾಷೆಗಳ ಆಧಾರಗಳನ್ನು ಹೋಲಿಸಿ ಕನ್ನಡದಲ್ಲಿ ಬರೆಯುವ ಯೋಗ್ಯತೆ ಬೆಂಗಳೂರಿನ ಮಗುವಿಗಿಂತ ಈ ಮಗುವಿಗೆ ಹೆಚ್ಚು. ಹೊರೆಯೆಂದು ನಾವು ಮರುಗುವ ಬಹುಭಾಷಿಕತೆಯೇ ಇಲ್ಲಿ ಬಂಡವಾಳವಾಗುತ್ತದೆ.

ಎಚ್ಚರಿಕೆಯ ಮಾತೂ ಅವಶ್ಯ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಿಸುವ ಪ್ರಯೋಗ ನಡೆಯಿತು. ಅನೇಕರು ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಯಥಾವತ್ತಾಗಿ ನಕಲು ಮಾಡಿದ್ದರಿಂದ ಅದೇ ವರ್ಷ ಅದನ್ನು ನಿಲ್ಲಿಸಬೇಕಾಯಿತು. ಸಾಧನ ಒಳ್ಳೆಯದಾದ ಮಾತ್ರಕ್ಕೆ ಕಲಿಕೆ ತಾನಾಗಿ ಬರದು. ಓದಿದುದನ್ನು ಸ್ವಂತ ಮಾತಿನಲ್ಲಿ ಹೇಳುವುದನ್ನು ಮೊದಲು ಕಲಿಸಬೇಕು.

ಆದುದರಿಂದ ತರಗತಿಯಲ್ಲಿ ಐದೈದು ಮಕ್ಕಳ ಗುಂಪು ಮಾಡಬೇಕು. ಒಬ್ಬ ಆಧಾರ ಹುಡುಕಲಿ, ಒಬ್ಬ ಬರೆಯಲಿ, ಒಬ್ಬ ಇಸವಿಗಳನ್ನು ಪರಿಶೀಲಿಸಲಿ, ಒಬ್ಬ ಭಾಷೆ ತಿದ್ದಲಿ, ಒಬ್ಬ ಪ್ರಶ್ನೆ ಹಾಕಲಿ; ಮುಂದಿನ ಪಾಠಕ್ಕೆ ಪಾತ್ರಗಳನ್ನು ಬದಲಾಯಿಸಬೇಕು. ಗಣಕಯಂತ್ರವಿಲ್ಲದ ಶಾಲೆಯಲ್ಲಿ ಒಂದು ದಪ್ಪ ನೋಟುಪುಸ್ತಕವೇ ಸಾಕು: ಎಡಪುಟ ಲೇಖನಕ್ಕೆ, ಬಲಪುಟ ಚರ್ಚೆಗೆ. ಅಳಿಸಕೂಡದು, ಗೆರೆ ಎಳೆದು, ಹೆಸರು ತಾರೀಖು ಹಾಕಿ ತಿದ್ದಬೇಕು. ಅಂಕ ಕೊಡುವಾಗ ಲೇಖನದ ಉದ್ದವನ್ನು ನೋಡದೆ ತಿದ್ದುಪಡಿಯ ಗುಣವನ್ನು ನೋಡಬೇಕು.

ಊರಿನವರು ಬರೆಯದೆ ಹೋದರೆ ಊರಿನ ಇತಿಹಾಸದಲ್ಲಿ ನುಸುಳಿದ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇರುತ್ತದೆ. ಅದನ್ನು ತಡೆಯುವ ಕೈಗಳು ನಮ್ಮ ತರಗತಿಯ ಬೆಂಚುಗಳ ಮೇಲೆಯೇ ಇವೆ.