ನಿಲಯವಾಸಿ ಮಕ್ಕಳ ದಂತಕ್ಷಯ ಮತ್ತು ಪೋಷಣೆ

ಮನೆಯಲ್ಲಿ ಬೆಳೆಯುವ ಮಗುವಿನ ಊಟ ಉಪಚಾರಗಳನ್ನು ತಾಯಿತಂದೆಯರು ನೋಡಿಕೊಳ್ಳುತ್ತಾರೆ. ನಿಲಯದಲ್ಲಿ ಬೆಳೆಯುವ ಮಕ್ಕಳಿಗಾದರೋ ಒಂದೇ ಅಡುಗೆಮನೆ, ಒಂದೇ ವೇಳಾಪಟ್ಟಿ. ಕೊಡಗಿನ ಆಶ್ರಮಶಾಲೆಗಳಲ್ಲಿ ಜೇನುಕುರುಬ, ಯರವ ಮೊದಲಾದ ಗಿರಿಜನರ ಮಕ್ಕಳು ತಂಗಿ ಓದುತ್ತಾರೆ. ಕಾಫಿ ತೋಟಗಳ ನಡುವಿನ ಪಾಲಿಬೆಟ್ಟದಲ್ಲಿ ಚೆಶೈರ್ ಹೋಂ ಸಂಸ್ಥೆಯು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಶಿಕ್ಷಣ ನೀಡುತ್ತಿದೆ. ಇಂತಹ ಸಂಸ್ಥೆಗಳಲ್ಲಿ ಮೇಲ್ವಿಚಾರಕರ ಒಂದು ತೀರ್ಮಾನವು ಹತ್ತಾರು ಮಕ್ಕಳ ಹಲ್ಲುಗಳನ್ನು ಉಳಿಸಬಲ್ಲದು.

ಹಲ್ಲು ಹುಳುಕಾಗುವುದು ಹೇಗೆ?

ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಸರಿಯಲ್ಲ. ಹಲ್ಲಿನ ಮೇಲೆ ಕಟ್ಟುವ ಅಂಟಾದ ಪದರದಲ್ಲಿ ಸೂಕ್ಷ್ಮಜೀವಿಗಳಿರುತ್ತವೆ. ಅವು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲವು ಹಲ್ಲಿನ ಹೊರಕವಚದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಜೊಲ್ಲು ಈ ಆಮ್ಲವನ್ನು ಶಮನಗೊಳಿಸಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಆದುದರಿಂದ ಸಿಹಿಯನ್ನು ಎಷ್ಟು ತಿಂದರೆಂಬುದರ ಜೊತೆಗೆ ಎಷ್ಟು ಸಲ ತಿಂದರೆಂಬುದೂ ಮುಖ್ಯ. ಬೆಲ್ಲದ ಕಾಫಿ, ಜೇನುತುಪ್ಪಗಳೂ ಈ ವಿಷಯದಲ್ಲಿ ಸಕ್ಕರೆಗೆ ಹೊರತಲ್ಲ.

ಹುಳುಕು ಹಲ್ಲಿಗೂ ಪೋಷಣೆಗೂ ಇರುವ ಸಂಬಂಧ ಎರಡು ಬಗೆಯದು. ಹಲ್ಲು ರೂಪುಗೊಳ್ಳುವ ಕಾಲದಲ್ಲಿ ಪೌಷ್ಟಿಕ ಆಹಾರ ದೊರೆಯದಿದ್ದರೆ ಹೊರಕವಚವು ದುರ್ಬಲವಾಗುತ್ತದೆ. ಹಲ್ಲು ನೋಯುವ ಮಗುವಾದರೋ ಕಾಳು, ತರಕಾರಿಗಳನ್ನು ಅಗಿಯಲಾರದೆ ಮೆತ್ತನೆಯದನ್ನಷ್ಟೇ ತಿಂದು ಮತ್ತಷ್ಟು ಸೊರಗುತ್ತದೆ. ಹಾಲುಹಲ್ಲು ಹೇಗೂ ಬೀಳುವುದೆಂದು ಅಲಕ್ಷಿಸಬಾರದು.

ಒಂದು ನಿಲಯದ ಅನುಭವ

ಆಸ್ಟ್ರೇಲಿಯಾದ ಬವ್ರಲ್ ಎಂಬಲ್ಲಿ 1942ರಲ್ಲಿ ಹೋಪ್‌ವುಡ್ ಹೌಸ್ ಎಂಬ ಮಕ್ಕಳ ನಿಲಯ ಆರಂಭವಾಯಿತು. ಅಲ್ಲಿ ಹಾಲು, ತವುಡು ತೆಗೆಯದ ಧಾನ್ಯ, ಹಸಿ ತರಕಾರಿ, ಹಣ್ಣುಗಳೇ ಮುಖ್ಯ ಆಹಾರ, ಸಕ್ಕರೆ ಅತ್ಯಲ್ಪ. 1947ರಿಂದ ದಂತವೈದ್ಯರು ಹಲವು ವರ್ಷ ಆ ಮಕ್ಕಳನ್ನು ಪರೀಕ್ಷಿಸಿದರು. ಇತರ ಶಾಲೆಗಳ ಮಕ್ಕಳಿಗಿಂತ ಅವರಲ್ಲಿ ಹುಳುಕು ತೀರ ಕಡಿಮೆಯಿತ್ತು. ಆದರೆ ಹಲ್ಲುಗಳನ್ನು ಚೆನ್ನಾಗಿ ಶುಚಿಗೊಳಿಸದಿದ್ದುದರಿಂದ ಅನೇಕರಿಗೆ ಒಸಡಿನ ಉರಿಯೂತವಿತ್ತು. ಬೆಳೆದು ನಿಲಯದ ಕಟ್ಟುಪಾಡು ಸಡಿಲಗೊಂಡಾಗ ಹುಳುಕೂ ಏರಿತು. ಆಹಾರಕ್ರಮವು ಹಲ್ಲನ್ನು ಕಾಯುತ್ತದೆ. ಆದರೆ ಅದು ಮಗುವಿನ ಸ್ವಂತ ಅಭ್ಯಾಸವಾಗಬೇಕು ಎಂಬುದೇ ಇದರ ಪಾಠ.

ಅಡುಗೆಮನೆಯಲ್ಲಿ

ಕೊಡಗಿನಲ್ಲಿ ಇದಕ್ಕೆ ದುಬಾರಿ ಪದಾರ್ಥಗಳು ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿಮುದ್ದೆ, ಅಕ್ಕಿರೊಟ್ಟಿಯೊಡನೆ ಕಾಳಿನ ಪಲ್ಯ, ಸೊಪ್ಪು, ಮೊಟ್ಟೆ, ಮಜ್ಜಿಗೆ ಇರಲಿ. ಸಂಜೆ ಬಿಸ್ಕತ್ತಿನ ಬದಲು ಹುರಿದ ಕಡಲೆಕಾಯಿ ಅಥವಾ ಬಾಳೆಹಣ್ಣು ಕೊಡಬಹುದು. ಹಾಲಿಗೆ ಸಕ್ಕರೆ ಬೆರೆಸುವುದನ್ನು ಕ್ರಮೇಣ ಕಡಿಮೆ ಮಾಡಿರಿ. ದಾನಿಗಳು ತರುವ ಮಿಠಾಯಿಯನ್ನು ದಿನವಿಡೀ ಹಂಚದೆ ಊಟದೊಡನೆ ಒಮ್ಮೆಗೇ ಬಡಿಸಿರಿ. ಹುಟ್ಟುಹಬ್ಬಕ್ಕೆ ಹಣ್ಣು ತರುವಂತೆ ದಾನಿಗಳಿಗೆ ಮೊದಲೇ ತಿಳಿಸುವುದು ಇನ್ನೂ ಲೇಸು.

ವಿಶೇಷ ಅಗತ್ಯವುಳ್ಳ ಮಕ್ಕಳು

ಈ ಮಕ್ಕಳಲ್ಲಿ ಕೆಲವರಿಗೆ ತುತ್ತು ಕೆನ್ನೆಯೊಳಗೇ ಉಳಿಯುತ್ತದೆ. ಊಟದ ನಂತರ ನೀರು ಕುಡಿಸಿ ಬಾಯಿ ನೋಡಬೇಕು. ಪ್ರತಿದಿನ ಸಿಹಿ ಔಷಧಿ ಸೇವಿಸುವವರಿಗೆ ಸಕ್ಕರೆರಹಿತ ಔಷಧಿ ದೊರೆಯುವುದೇ ಎಂದು ವೈದ್ಯರನ್ನು ಕೇಳಿರಿ. ಬ್ರಷ್ ಹಿಡಿಯಲಾಗದ ಮಗುವಿಗೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿ ಕೊಡಿರಿ, ಇಲ್ಲವೇ ನೀವೇ ಉಜ್ಜಿರಿ. ನೋವನ್ನು ಮಾತಿನಲ್ಲಿ ಹೇಳಲಾರದ ಮಗು ಊಟವನ್ನು ದೂರ ತಳ್ಳಿದರೆ, ಹಟವೆಂದು ಗದರಿಸದೆ ಮೊದಲು ಬಾಯಿ ತೆರೆಸಿ ನೋಡಿರಿ.

ನೆನಪಿಡಿರಿ

1. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಟೂತ್‌ಪೇಸ್ಟಿನಿಂದ ಹಲ್ಲುಜ್ಜಿಸಿರಿ. 3ರಿಂದ 6 ವರ್ಷದವರಿಗೆ ಬಟಾಣಿ ಗಾತ್ರದ ಪೇಸ್ಟ್ ಸಾಕು.
2. ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಬ್ರಷ್ ಇರಲಿ, ಹೆಸರು ಬರೆದಿಡಿರಿ.
3. ರಾತ್ರಿ ಹಲ್ಲುಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬೇಡಿರಿ.
4. ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಕಂಡೊಡನೆ ದಂತವೈದ್ಯರಿಗೆ ತೋರಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ. ವಿರಾಜಪೇಟೆಯಲ್ಲಿ 1999ರಲ್ಲಿ ಆರಂಭವಾದ ದಂತವೈದ್ಯಕೀಯ ಕಾಲೇಜೂ ಇದೆ.

ನಿಲಯದಿಂದ ಹೊರಡುವ ಮಗು ವಿದ್ಯೆಯೊಡನೆ ಗಟ್ಟಿಮುಟ್ಟಾದ ಹಲ್ಲುಗಳನ್ನೂ, ಅವನ್ನು ಕಾಪಾಡಿಕೊಳ್ಳುವ ಅಭ್ಯಾಸವನ್ನೂ ಕೊಂಡೊಯ್ಯಲಿ.