ಸುತ್ತಿಗೆ ಹುಡುಕಲು ಹೋದಾಗ ಸಿಕ್ಕ ನಿಧಿ

ಇಂಗ್ಲೆಂಡಿನ ಸಫಕ್ ಪ್ರಾಂತ್ಯದಲ್ಲಿ ಹಾಕ್ಸನ್ ಎಂಬ ಹಳ್ಳಿಯಿದೆ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವರ ಗೆಳೆಯ, ನಿವೃತ್ತ ತೋಟಗಾರ ಎರಿಕ್ ಲಾಸ್, ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಹುಡುಕಲು ಹೋದರು. ಯಂತ್ರ ಸದ್ದು ಮಾಡಿದ ಕಡೆ ಅಗೆದಾಗ ಸಿಕ್ಕಿದ್ದು ಬೆಳ್ಳಿಯ ಚಮಚಗಳು, ಚಿನ್ನದ ಒಡವೆ ಮತ್ತು ನಾಣ್ಯಗಳು. ಇನ್ನೂ ಬಹಳಷ್ಟು ಇದೆಯೆಂದು ತಿಳಿದೂ ಅವರು ಅಗೆಯುವುದನ್ನು ನಿಲ್ಲಿಸಿದರು. ಜಮೀನಿನ ಒಡೆತನ ಹೊಂದಿದ್ದ ಕೌನ್ಸಿಲಿಗೂ ಪೊಲೀಸರಿಗೂ ಸುದ್ದಿ ತಲುಪಿತು. ಮರುದಿನವೇ ಪುರಾತತ್ವ ತಜ್ಞರು ಬಂದು ಉಳಿದದ್ದನ್ನು ಜೋಪಾನವಾಗಿ ಮೇಲೆತ್ತಿದರು.

ಎಣಿಸಿದಾಗ 569 ಚಿನ್ನದ ನಾಣ್ಯ, 14 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯ, 24 ಕಂಚಿನ ನಾಣ್ಯಗಳಿದ್ದವು. ಜೊತೆಗೆ 29 ಚಿನ್ನದ ಆಭರಣಗಳು, ಹತ್ತಾರು ಬೆಳ್ಳಿ ಚಮಚಗಳು, ಕರಿಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿಯ ಪಾತ್ರೆಗಳು. ಆ ಕಾಲದಲ್ಲಿ ರೋಮನ್ನರ ಊಟದ ಮೇಜಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಣ್ಣುಮಗಳ ಹೆಸರಿದೆ. ಇದನ್ನು ಸಂತೋಷವಾಗಿ ತೊಟ್ಟುಕೋ ಎಂಬ ಹಾರೈಕೆಯೂ ಇದೆ.

ಇಷ್ಟೆಲ್ಲವನ್ನು ಯಾರು, ಏಕೆ ಹೂತಿಟ್ಟರು? ಉತ್ತರದ ಒಂದು ಭಾಗವನ್ನು ನಾಣ್ಯಗಳೇ ಹೇಳುತ್ತವೆ. ಅವುಗಳಲ್ಲಿ ತೀರಾ ಈಚಿನವು ಕ್ರಿ.ಶ. 407-408ರಲ್ಲಿ ಅಚ್ಚಾದವು. ಹಾಗಾದರೆ ಹೂತದ್ದು ಅದಕ್ಕಿಂತ ಮುಂಚೆಯಲ್ಲ. ಅದೇ ವೇಳೆಗೆ ಬ್ರಿಟನ್ನಿನಲ್ಲಿದ್ದ ರೋಮನ್ ಸೈನ್ಯ ಸಮುದ್ರ ದಾಟಿ ಹೋಗಿತ್ತು, ಆಡಳಿತ ಕುಸಿಯುತ್ತಿತ್ತು. ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲಿನ ಅಂಚುಗಳನ್ನು ಕತ್ತರಿಸಿ ಬೆಳ್ಳಿ ತೆಗೆದಿದ್ದಾರೆ. ಆದರೆ ಚಕ್ರವರ್ತಿಯ ಮುಖವನ್ನು ಮಾತ್ರ ಮುಟ್ಟಿಲ್ಲ. ಹೊಸ ನಾಣ್ಯ ಬರುವುದು ನಿಂತ ನಾಡಿನಲ್ಲಿ ಇದ್ದ ನಾಣ್ಯವನ್ನೇ ಸವೆಸಿ ಬಳಸುತ್ತಿದ್ದರು. ವಸ್ತುಗಳನ್ನು ಹುಲ್ಲು, ಬಟ್ಟೆಯ ನಡುವೆ ಒಪ್ಪವಾಗಿ ಜೋಡಿಸಿ, ಮರದ ಪೆಟ್ಟಿಗೆಯಲ್ಲಿ ಹೂತಿದ್ದರು. ಮತ್ತೆ ಬಂದು ತೆಗೆದುಕೊಳ್ಳುವ ಆಸೆ ಅವರಿಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಅವರು ಮರಳಿ ಬರಲಿಲ್ಲ.

ಈ ಚಿನ್ನದ ನಾಣ್ಯದ ಹೆಸರು ಸಾಲಿಡಸ್, ತೂಕ ಸುಮಾರು ನಾಲ್ಕೂವರೆ ಗ್ರಾಂ. ಇದರ ಕಥೆ ಬ್ರಿಟನ್ನಿನಲ್ಲಿಯೇ ಮುಗಿಯುವುದಿಲ್ಲ. ಪೂರ್ವ ರೋಮನ್ ಸಾಮ್ರಾಜ್ಯದ ಸಾಲಿಡಸ್‌ಗಳು ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲೂ ಸಿಕ್ಕಿವೆ. ಅರಬರು ದೀನಾರ್ ಎಂದು ಬಳಸುತ್ತಿದ್ದದ್ದೂ ಇದೇ ನಾಣ್ಯವನ್ನು. ಖಲೀಫಾ ಅಬ್ದುಲ್ ಮಲಿಕ್‌ರ ಕಾಲದಲ್ಲಿ, 7ನೇ ಶತಮಾನದ ಕೊನೆಗೆ, ಚಿತ್ರವಿಲ್ಲದ ಇಸ್ಲಾಮಿ ದೀನಾರ್ ಬಂತು. ಅದರ ತೂಕ ಸುಮಾರು 4.25 ಗ್ರಾಂ. ಝಕಾತಿನ ನಿಸಾಬ್ 20 ದೀನಾರ್, ಅಂದರೆ 85 ಗ್ರಾಂ ಚಿನ್ನ ಎಂದು ನಾವು ಲೆಕ್ಕ ಹಾಕುವುದು ಈ ತೂಕದಿಂದಲೇ.

ಹೂತ ನಿಧಿಯ ಬಗ್ಗೆ ಫಿಕ್ಹ್‌ನಲ್ಲಿ ರಿಕಾಝ್ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಅದರಲ್ಲಿ ಐದನೇ ಒಂದು ಪಾಲು ಸಿಕ್ಕವನದ್ದಲ್ಲ. ನಮ್ಮ ದೇಶದ ಕಾನೂನಿನಂತೆಯೂ ನಿಧಿ ಸಿಕ್ಕವರು ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಮನೆಯ ಪಾಯ ತೋಡುವಾಗ ಸಣ್ಣ ಕುಡಿಕೆಯೊಂದು ಸಿಕ್ಕರೂ ಗುಟ್ಟಾಗಿ ಅಕ್ಕಸಾಲಿಗನ ಬಳಿಗೆ ಒಯ್ಯಬಾರದು. ಕರಗಿಸಿದರೆ ಚಿನ್ನವಷ್ಟೇ ಉಳಿಯುತ್ತದೆ. ಅದನ್ನು ಹೂತವರ ಕಾಲ, ಹೆಸರು, ಅವರ ಭಯ ಎಲ್ಲವೂ ಅಳಿಸಿಹೋಗುತ್ತದೆ.

ಲಾಸ್ ಅವರ ಪ್ರಾಮಾಣಿಕತೆ ವ್ಯರ್ಥವಾಗಲಿಲ್ಲ. ಸರಕಾರ 17.5 ಲಕ್ಷ ಪೌಂಡ್ ಬಹುಮಾನ ಕೊಟ್ಟಿತು. ಅದನ್ನು ಅವರು ರೈತ ಗೆಳೆಯನೊಂದಿಗೆ ಹಂಚಿಕೊಂಡರು. ನಿಧಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಳೆದುಹೋದ ಆ ಸುತ್ತಿಗೆಯೂ ಕೊನೆಗೆ ಸಿಕ್ಕಿತು. ಅದನ್ನೂ ಅದೇ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.