ನೆಲದ ಮೇಲೆ ನಿಲ್ಲದ ಗೋಡೆ

ಗೋಡೆ ಅಂದಮೇಲೆ ನೆಲದ ಮೇಲೆ ನಿಂತಿರಬೇಕಲ್ಲವೇ? ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಅಡ್ಡಗೋಡೆಗಳು ಮೇಲಿನ ತೊಲೆಗಳಿಗೆ ಜೋತುಬಿದ್ದಿರುತ್ತವೆ! ಇದಕ್ಕೆ ಕಾರಣ ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ ಕಡೆಯ ಮಕ್ಕಳ ಕಾಲಡಿಯಲ್ಲೂ ಇದೆ. ಅದು ಮಣ್ಣು.

ಮೊದಲು ಸಾಮಾನ್ಯ ಪದ್ಧತಿ ನೋಡೋಣ. ಅಲ್ಲಿ ಅಡ್ಡಗೋಡೆಗೆ ಮರದ ಚೌಕಟ್ಟು ಮಾಡಿ ಎರಡೂ ಕಡೆ ಜಿಪ್ಸಮ್ ಹಲಗೆ ಹೊಡೆಯುತ್ತಾರೆ. ಚೌಕಟ್ಟಿನ ಕೆಳಪಟ್ಟಿಯನ್ನು ಕಾಂಕ್ರೀಟ್ ನೆಲಕ್ಕೆ ಬಿಗಿಯುತ್ತಾರೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ತೇವವನ್ನು ಮೇಲಕ್ಕೆಳೆಯುತ್ತವೆ. ಆದ್ದರಿಂದ ಆ ಪಟ್ಟಿಗೆ ಕೊಳೆಯದಂತೆ ರಾಸಾಯನಿಕ ಉಣಿಸಿದ ಮರವೇ ಬೇಕು. ಡ್ರಿಲ್‌ನಿಂದ ತೂತು ಕೊರೆದು, ಪುಡಿ ತೆಗೆದು, ಸ್ಕ್ರೂ ಬಿಗಿಯುತ್ತಾರೆ. ತೂತು ಸ್ಲಾಬಿನ ಅಂಚಿಗೆ ತೀರ ಹತ್ತಿರವಾದರೆ ಕಾಂಕ್ರೀಟ್ ಒಡೆದೀತು. ಯಾಕೆಂದರೆ ಕಾಂಕ್ರೀಟ್ ಒತ್ತಡ ತಾಳುವಷ್ಟು ಎಳೆತ ತಾಳದು. ಎಳೆತದಲ್ಲಿ ಅದರ ಬಲ ಸುಮಾರು ಹತ್ತನೇ ಒಂದು ಪಾಲು ಮಾತ್ರ.

ನೆಲವೇ ಎದ್ದರೆ?

ಕೊಲರಾಡೊದ ಜೇಡಿಮಣ್ಣಿನಲ್ಲೂ ನಮ್ಮ ಎರೆಮಣ್ಣಿನಲ್ಲೂ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇದೆ. ಅದರ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ. ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡೋದನ್ನ ನೋಡಿದ್ದೀರಲ್ಲ, ಅದೇ ಇದು.

ಮನೆಯ ಭಾರ ಪಾಯದ ಮೇಲಿರುತ್ತದೆ. ನೆಲಮಾಳಿಗೆಯ ನೆಲ ಮಾತ್ರ ಮಣ್ಣಿನ ಮೇಲೆ ಹಾಸಿದ ತೆಳು ಸ್ಲಾಬ್. ಮಣ್ಣು ಉಬ್ಬಿದರೆ ಅದೂ ಏಳುತ್ತದೆ. ಅಡ್ಡಗೋಡೆ ನೆಲಕ್ಕೂ ತೊಲೆಗೂ ಬಿಗಿದಿದ್ದರೆ, ಜಾಕ್ ಲಾರಿಯನ್ನು ಎತ್ತಿದಂತೆ ಮೇಲಂತಸ್ತನ್ನು ಎತ್ತುತ್ತದೆ. ಬಾಗಿಲು ಸಿಕ್ಕಿಕೊಳ್ಳುತ್ತವೆ, ಗೋಡೆ ಸೀಳುತ್ತದೆ.

ಅದಕ್ಕೇ ಎರಡು ಪಟ್ಟಿ. ಒಂದನ್ನು ಕಾಂಕ್ರೀಟಿಗೆ ಬಿಗಿಯುತ್ತಾರೆ. ಇನ್ನೊಂದು, ಮೇಲಿನಿಂದ ಇಳಿಬಿಟ್ಟ ಚೌಕಟ್ಟಿನ ತಳ. ನಡುವೆ ಒಂದೂವರೆ ಇಂಚು (ಸುಮಾರು 38 ಮಿ.ಮೀ.) ಅಥವಾ ಹೆಚ್ಚು ಖಾಲಿ ಜಾಗ. ಮೇಲ್ಪಟ್ಟಿಯ ಸಡಿಲ ತೂತಿನ ಮೂಲಕ ಉದ್ದ ಮೊಳೆಯನ್ನು ಕೆಳಪಟ್ಟಿಗೆ ಹೊಡೆಯುತ್ತಾರೆ. ನೆಲ ಎದ್ದಾಗ ಮೊಳೆ ತೂತಿನಲ್ಲಿ ಜಾರುತ್ತದೆ. ಗೋಡೆ ಅತ್ತಿತ್ತ ಅಲುಗದು, ಮೇಲಕ್ಕೂ ಏಳದು.

ನಮ್ಮಲ್ಲೂ ಇಂಥದೇ ಉಪಾಯ ಇದೆ. ಎರೆಭೂಮಿಗೆಂದು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಪಾಯದಲ್ಲಿ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ತೇವ ಹೆಚ್ಚು ಬದಲಾಗದ ಆಳಕ್ಕೆ ಇಳಿಸುತ್ತಾರೆ. ಕಂಬಗಳ ಮೇಲಿನ ತೊಲೆಗೂ ಮಣ್ಣಿಗೂ ನಡುವೆ ಸಂದು ಬಿಡುತ್ತಾರೆ. ಮಣ್ಣು ಉಬ್ಬಲು ಜಾಗ ಬೇಕಲ್ಲ!

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ, ಹತ್ತಿರ ಬೆಂಕಿ ಬೇಡ)

ನಿಮ್ಮ ಊರಿನ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನುಣ್ಣಗೆ ಜರಡಿ ಹಿಡಿಯಿರಿ. 100 ಮಿ.ಲೀ.ನ ಎರಡು ಅಳತೆ ಜಾಡಿಗಳಲ್ಲಿ 10 ಗ್ರಾಂ ಮಣ್ಣು ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿರುವ ಮಣ್ಣಿನ ಗಾತ್ರದಿಂದ ಸೀಮೆಎಣ್ಣೆಯಲ್ಲಿರುವ ಗಾತ್ರ ಕಳೆಯಿರಿ. ಬಂದದ್ದನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸಿ 100ರಿಂದ ಗುಣಿಸಿ. ಉತ್ತರ 50 ದಾಟಿತೇ? ಹಾಗಿದ್ದರೆ ಶಾಲೆಯ ಗೋಡೆಗಳ ಬಿರುಕುಗಳನ್ನು ಒಮ್ಮೆ ನೋಡಿಬನ್ನಿ. ಮಳೆಗಾಲಕ್ಕೂ ಬೇಸಿಗೆಗೂ ಅವುಗಳ ಅಗಲ ಎಷ್ಟು ಬದಲಾಗುತ್ತದೆ, ಅಳೆದು ಬರೆದಿಡಿ.